ಕೇಳದೇ ಹೋದವರ ಊರು

ಆ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ನಕಾಶೆ ತೆಗೆದು ಹುಡುಕುತ್ತೀರಿ, ಸಿಗುವುದಿಲ್ಲ, ಆಮೇಲೆ ನೀಲಾಂಬಿಕೆ ಸುಳ್ಳು ಹೇಳುತ್ತಾಳೆ ಅನ್ನುತ್ತೀರಿ. ನಮ್ಮಪ್ಪ ಮಾಡಿದ್ದೂ ಅದನ್ನೇ. ಆ ದ್ವೀಪದ ಕಾಲೇಜಿನಿಂದ ನನಗೆ ವಿದ್ಯಾರ್ಥಿವೇತನದ ಕಾಗದ ಬಂದ ದಿನ ಗೋಡೆಯ ಮೇಲಿನ ಹಳೇ ನಕಾಶೆಯನ್ನು ಇಳಿಸಿ, ಕನ್ನಡಕ ಏರಿಸಿ, ಅರ್ಧ ತಾಸು ನೀಲಿ ಬಣ್ಣದ ಮೇಲೆ ಬೆರಳಾಡಿಸಿ, ಕೊನೆಗೆ “ಇಲ್ಲೇ ಎಲ್ಲೋ ಐತಿ ಬಿಡು” ಎಂದು ಒಂದು ಚುಕ್ಕೆ ತೋರಿಸಿದರು. ಅದು ನೊಣ ಕೂತು ಹೋದ ಗುರುತು. ಅಷ್ಟಕ್ಕೇ ಓಣಿಯ ಯುವಕ ಸಂಘದವರು ಸನ್ಮಾನ ಇಟ್ಟುಕೊಂಡರು. ಶಾಲು, ಹಣ್ಣಿನ ಬುಟ್ಟಿ, ನನ್ನ ಫೋಟೋದ ಪಕ್ಕ ಒಂದು ತೆಂಗಿನ ಮರ ನಿಲ್ಲಿಸಿದ ಬ್ಯಾನರು: ‘ಓಣಿಯ ಕೀರ್ತಿ ಸಾಗರದಾಚೆಗೆ’. ಗದಗಿನ ಕಡೆಯ ನಮ್ಮ ಓಣಿಗೆ ನಳದ ನೀರು ಬರುವುದೇ ಹತ್ತು ದಿನಕ್ಕೊಮ್ಮೆ. ಅಲ್ಲಿಯ ಹುಡುಗಿ ಕಡಲ ಪಾಚಿಯ ಮೇಲೆ ಪದವಿ ಮಾಡಲು ಹೊರಟಿದ್ದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಫೇಲಾಗಿ ಬಂದರೆ ಅದೇ ಬ್ಯಾನರಿನ ಕೆಳಗೆ ತಲೆ ತಗ್ಗಿಸಿ ನಡೆದು ಮನೆ ಸೇರಬೇಕು ಎಂಬುದು ಮಾತ್ರ ನನಗೆ ಅವತ್ತೇ ಹೊಳೆದಿತ್ತು.

ಅಲ್ಲಿಯ ಭಾಷೆಯನ್ನು ಮೂರು ತಿಂಗಳು ಕಷ್ಟಪಟ್ಟು ಕಲಿತು ಹೋಗಿದ್ದೆ. ಇಲ್ಲಿ ಅವರ ಮಾತನ್ನೆಲ್ಲ ನಮ್ಮ ಓಣಿಯ ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ. ಬೇರೆ ಕನ್ನಡದಲ್ಲಿ ನನಗೆ ಜಗಳಾಡಲು ಬರುವುದಿಲ್ಲ.

ದೋಣಿ ನಿಲ್ಲುವ ಕಡೆ ಕಲ್ಲಿನ ಮೆಟ್ಟಿಲುಗಳಿದ್ದವು. ಒಟ್ಟು ನಲವತ್ತು, ಆದರೆ ಮೂವತ್ತೈದು ನೀರಿನೊಳಗಿದ್ದವು, ಮೇಲೆ ಉಳಿದದ್ದು ಐದೇ. ಐದನೆಯದರ ನೆತ್ತಿಗೆ ಅಂಟಿಕೊಂಡ ಹಾಗೆ ಒಂದು ಮನೆ. ಆ ಮನೆಯ ಯಜಮಾನಿ ಸೆವೇರಾ ಆಯಿ ನನ್ನನ್ನು ಬರಮಾಡಿಕೊಳ್ಳಲು ಹೊಸ್ತಿಲ ಮುಂದೆ ನಿಂತಿದ್ದರು. ಎಪ್ಪತ್ತು ದಾಟಿದ, ಸಣಕಲು ಮೈಯ, ಗಂಡಸರ ಹಳೇ ಕೋಟು ತೊಟ್ಟ ಮುದುಕಿ. ಪರದೇಶದ ವಿದ್ಯಾರ್ಥಿಗಳಿಗೆ ಕೋಣೆ ಕೊಡಲು ಊರಲ್ಲಿ ಯಾರೂ ಒಪ್ಪುವುದಿಲ್ಲವಂತೆ, ಅವರೊಬ್ಬರು ಒಪ್ಪಿದ್ದರು. ಹಿರಿಯರನ್ನು ಕಂಡರೆ ಹೇಗೆ ನಡೆದುಕೊಳ್ಳಬೇಕೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೆಳಗಿನ ಮೆಟ್ಟಿಲಿಗೆ ಕಾಲಿಟ್ಟವಳೇ ಕೈ ಮುಗಿದು, ಅಪ್ಪ ಅವ್ವ ಕಲಿಸಿದ ಸಂಸ್ಕಾರವನ್ನೆಲ್ಲ ದನಿಯಲ್ಲಿ ತುಂಬಿ ಕೇಳಿದೆ: “ಊಟ ಆತೇನ್ರಿ ಆಯಿ?”

ನನ್ನ ಚಪ್ಪಲಿಗೆ ನೀರು ಬಂತು. ಅಲೆ ಬಂದಿತೆಂದುಕೊಂಡೆ, ಆದರೆ ಬಂದ ನೀರು ಹಿಂದೆ ಹೋಗಲಿಲ್ಲ. ನಾನು ನಿಂತ ಮೆಟ್ಟಿಲು ಮುಳುಗಿ ನೀರು ಮುಂದಿನದರ ಬುಡಕ್ಕೆ ತಾಗಿ ನಿಂತಿತು. ದೋಣಿಯವರು ಹೆಣ ಹೋಗುವಾಗಿನಂತೆ ಟೋಪಿ ತೆಗೆದು ಕೈಯಲ್ಲಿ ಹಿಡಿದರು.

“ಹೋತು,” ಅಂದರು ಆಯಿ. “ಹದಿನಾರು ವರ್ಷದಿಂದ ಊರು ಬಾಯಿ ಕಟ್ಟಿ ಉಳಿಸ್ಕೊಂಡಿದ್ದ ಮೆಟ್ಟಲಾ. ನನ್ನ ಊಟದ ಸಲುವಾಗಿ ಹೋತು.” ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, ಕೋರ್ಟಿನಲ್ಲಿ ಸಾಕ್ಷಿ ಹೇಳುವವರಂತೆ ಉತ್ತರ ಕೊಟ್ಟರು: “ಆಗೈತಿ. ಬೇಯಿಸಿದ ಗೆಣಸು, ಪಾಚಿ ಸಾರು.” ಅಷ್ಟು ಬೆಲೆ ತೆತ್ತು ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಕೊಡದೆ ಬಿಡುವುದು ಅಲ್ಲಿ ಪಾಪ. ಊರಿಗೆ ಬಂದವಳು ನೀರಿಗೆ ಬರಲೇಬೇಕು ಅನ್ನುತ್ತಾರೆ, ನನ್ನ ವಿಷಯದಲ್ಲಿ ನೀರೇ ಮೆಟ್ಟಿಲೇರಿ ಬಂದಿತ್ತು.

ಅಲ್ಲಿಯ ಕಾನೂನು ಬಹಳ ಉದಾರವಾದದ್ದು. ಹುಟ್ಟಿದ ಪ್ರತಿಯೊಬ್ಬನಿಗೂ ಜನ್ಮಕ್ಕೊಂದು ಪ್ರಶ್ನೆ ಕೇಳುವ ಹಕ್ಕಿದೆ. ಒಂದು ಪ್ರಶ್ನೆಗೆ ಸಮುದ್ರ ಒಂದು ಮೆಟ್ಟಿಲು ಏರುತ್ತದೆ, ಏರಿದ್ದು ಇಳಿಯುವುದಿಲ್ಲ. ಊರಲ್ಲಿ ಆರುನೂರು ಜನ, ಉಳಿದ ಮೆಟ್ಟಿಲು ನಾಲ್ಕು. ಹಕ್ಕು ಎಲ್ಲರಿಗೂ ಇದೆ, ಬಳಸಬಾರದು ಅಷ್ಟೆ. ಇಂಥ ಹಕ್ಕುಗಳು ನಮ್ಮಲ್ಲೂ ಬೇಕಾದಷ್ಟಿರುವುದರಿಂದ ಅದು ನನಗೆ ಬೇಗ ಅರ್ಥವಾಯಿತು. ಪರದೇಶದವರಿಗೂ ಔದಾರ್ಯದಿಂದ ಒಂದು ಕೊಟ್ಟಿದ್ದರು, ನಾನು ಇಳಿದ ನಿಮಿಷದಲ್ಲೇ ಅದನ್ನು ಗೆಣಸಿನ ಮೇಲೆ ಖರ್ಚು ಮಾಡಿ ಮುಗಿಸಿದ್ದೆ. ಇನ್ನೊಂದು ಕೇಳಿದರೆ ಸೋಮವಾರದ ದೋಣಿಗೆ ಗಂಟುಮೂಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಶಾಲೆಯಲ್ಲಿ ವಿಸ್ತರಿಸಿ ಬರೆದು ಹತ್ತಕ್ಕೆ ಒಂಬತ್ತು ಅಂಕ ತೆಗೆದುಕೊಂಡಿದ್ದೆ, ಅದರಿಂದ ಆದ ಉಪಯೋಗ ಇಷ್ಟು.

ಪ್ರಶ್ನೆ ಕೇಳದೆ ಸತ್ತವರ ಸಮಾಧಿಯ ಕಲ್ಲಿನ ಮೇಲೆ ‘ಕೇಳದೇ ಹೋದರು’ ಎಂದು ಕೆತ್ತುತ್ತಾರೆ. ಅದಕ್ಕಿಂತ ದೊಡ್ಡ ಪ್ರಶಸ್ತಿ ಆ ದ್ವೀಪದಲ್ಲಿಲ್ಲ. ಖಾತ್ರಿ ಇದ್ದವರು ಕಲ್ಲನ್ನು ಮೊದಲೇ ಕೆತ್ತಿಸಿ, ತಾರೀಖಿನ ಜಾಗ ಖಾಲಿ ಬಿಟ್ಟು ಇಟ್ಟುಕೊಳ್ಳುತ್ತಾರೆ. ಆಯಿಯ ಕಲ್ಲು ಹಿತ್ತಿಲಲ್ಲಿತ್ತು. ಅದರ ಮೇಲೆ ಅವರು ಅರಿವೆ ಒಗೆಯುತ್ತಿದ್ದರು. ಒಗೆದೂ ಒಗೆದೂ ‘ಹೋದರು’ ಸ್ವಲ್ಪ ಸವೆದಿತ್ತು, ‘ಕೇಳದೇ’ ಮಾತ್ರ ಗಟ್ಟಿಯಾಗಿತ್ತು.

ಹಾಗಂತ ಆ ಜನ ಮೂಕರಲ್ಲ. ಏನಾದರೂ ತಿಳಿಯಬೇಕಿದ್ದರೆ ಎದುರಿಗಿದ್ದವರ ಮುಂದೆ ಒಂದು ತಪ್ಪು ಮಾತು ಹೇಳುತ್ತಾರೆ, ಅವರು ತಿದ್ದುತ್ತಾರೆ. ಡಾಕ್ಟರು ನಾಡಿ ಹಿಡಿದು “ನಿನ್ನ ಕಾಲು ಮುರಿದೈತಿ” ಅನ್ನುತ್ತಾನೆ, ರೋಗಿ “ತಪ್ಪು, ಹೊಟ್ಟಿ ನೋವು” ಅನ್ನುತ್ತಾನೆ. “ನಿನ್ನೆಯಿಂದ.” “ತಪ್ಪು, ಮೂರು ದಿನದಿಂದ.” ಹೀಗೇ ಔಷಧದವರೆಗೂ ಹೋಗುತ್ತದೆ. ಪ್ರೀತಿಸುವ ಹುಡುಗ ಹುಡುಗಿಯ ಮುಂದೆ ನಿಂತು “ನಿನಗ ನಾ ಅಂದ್ರ ಆಗಾಂಗಿಲ್ಲ” ಎಂದು ಹೇಳಿ ಕಾಯುತ್ತಾನೆ. ಅವಳು ಸುಮ್ಮನಿದ್ದರೆ ಮನೆಗೆ ಹೋಗಿ ಮಲಗುತ್ತಾನೆ. ಪೊಲೀಸರು ಸಿಕ್ಕವರನ್ನೆಲ್ಲ ಕಳ್ಳ ಅನ್ನುತ್ತಾರೆ, ಆ ಪದ್ಧತಿಯನ್ನು ಕಲಿಯಲು ಅಷ್ಟು ದೂರ ಹೋಗಬೇಕಿರಲಿಲ್ಲ. ತಪ್ಪು ಮಾತನ್ನು ಕೇಳಿ ತಿದ್ದದೆ ಸುಮ್ಮನಿರುವುದು ಅವರಿಗೆ ಬಿಕ್ಕಳಿಕೆ ತಡೆದ ಹಾಗೆ, ಆಗುವುದೇ ಇಲ್ಲ. ಮೊದಲ ವಾರ ಸಕ್ಕರೆ ಡಬ್ಬಿ ಹುಡುಕಲು ನಾನು “ನಿಮ್ಮನ್ಯಾಗ ಸಕ್ರಿ ಇಲ್ಲ ಬಿಡ್ರಿ” ಅಂದೆ. ಆಯಿ ಸಿಟ್ಟಿಗೆದ್ದು ಡಬ್ಬಿಯನ್ನೇ ತಂದು ಮುಂದೆ ಬಡಿದರು. ಪರವಾಗಿಲ್ಲ, ಕಲಿತೆ ಅಂದುಕೊಂಡೆ.

ಅವರಿಗೆ ಅರ್ಥವಾಗದೆ ಉಳಿದದ್ದು ನನ್ನ ಫೋನು. ಅಪ್ಪ ದಿನಾ ಸಂಜೆ ಫೋನು ಮಾಡುತ್ತಿದ್ದರು. ಅವರು ಕೇಳುವುದು ಗದಗಿನ ಕಡೆ ಕೂತು, ಆದ್ದರಿಂದ ಸಮುದ್ರಕ್ಕೆ ಅದರ ಸುದ್ದಿ ಇರಲಿಲ್ಲ. ನಮ್ಮ ಓಣಿಯನ್ನು ಆ ದ್ವೀಪದಲ್ಲಿ ಇಟ್ಟಿದ್ದರೆ ಬಾಗಿಲಿಗೆ ನೀರು ಹಾಕುವ ಹೊತ್ತಿಗೇ ಎದುರು ಮನೆ ಪಾರ್ವತೆವ್ವ ಒಬ್ಬಳೇ ಇಡೀ ಊರನ್ನು ಮುಳುಗಿಸಿಬಿಡುತ್ತಿದ್ದಳು. ಆಯಿಗೆ ಕೇಳಿಸುತ್ತಿದ್ದುದು ನನ್ನ ಕಡೆಯ ಮಾತಷ್ಟೇ: “ಹೂಂ, ಆತು. ರೊಟ್ಟಿ ಇಲ್ಲ, ಗೆಣಸು. ಹೂಂ. ಹೊಟ್ಟಿ ತುಂಬ. ಹೂಂ, ಮಧ್ಯಾಹ್ನನೂ.” ಒಂದು ತಿಂಗಳು ತಡೆದು ಆಯಿ ಬಾಯಿ ಬಿಟ್ಟರು.

“ನಿಮ್ಮಪ್ಪ ದಿನಾ ನಿನ್ನ ಓದಿನ ಬಗ್ಗೆ ಕೇಳ್ತಾರ.”

“ತಪ್ಪು ಆಯಿ. ಊಟದ ಬಗ್ಗೆ.”

“ನಿಮ್ಮೂರಾಗ ಊಟಕ್ಕ ಬರಗಾಲ ಐತಿ.”

“ತಪ್ಪು. ಬೇಕಾದಷ್ಟೈತಿ.”

“ಹಂಗಾರ ನಿಮ್ಮಪ್ಪಗ ಮರವು.”

“ತಪ್ಪು ಆಯಿ. ಅದು ಊಟದ ಮಾತಲ್ಲ. ಕೇಳ್ತಾರ, ಅಷ್ಟ.”

“ಊಟದ ಮಾತಲ್ಲ, ಆದ್ರ ಊಟ ಅಂತಾರ. ಅದನ್ನ ತಿಳ್ಕೋಳಾಕ ನನ್ನ ಮೆಟ್ಟಲಾ ಮುಳುಗಿಸಿದಿ,” ಎಂದು ಆಯಿ ಗೆಣಸಿನ ಸಿಪ್ಪೆ ಸುಲಿಯತೊಡಗಿದರು. ಆಮೇಲೆ ವರ್ಷವಿಡೀ ಯಾವ ಮೂರ್ಖತನ ಕಂಡರೂ “ಇದು ನಿಮ್ಮಪ್ಪನ ಊಟದಂಗ” ಅನ್ನುವುದು ಅವರ ಚಾಳಿಯಾಯಿತು.

ವರ್ಷದ ಕೊನೆಗೆ ಮೌಖಿಕ ಪರೀಕ್ಷೆ. ಪಾಸಾದರೆ ಪದವಿ, ಇಲ್ಲದಿದ್ದರೆ ದೋಣಿ ಮತ್ತು ಬ್ಯಾನರು. ಪ್ರೊಫೆಸರ್ ಬಾಲ್ತಾರ್ ನಡುವೆ, ಅವರ ಎರಡು ಬದಿಗೆ ಇಬ್ಬರು ಹಿರಿಯರು ಕೂತಿದ್ದರು. ಬಾಲ್ತಾರ್ ಗಂಟಲು ಸರಿಮಾಡಿಕೊಂಡು, “ಕೆಂಪು ಪಾಚಿ ಆಳದ ನೀರಿನಾಗ ಬೆಳೆಯಾಂಗಿಲ್ಲ” ಅಂದರು. ಇದು ಶುದ್ಧ ತಪ್ಪು ಎಂದು ನನಗೆ ಗೊತ್ತಿತ್ತು, ಅದರ ಮೇಲೆ ಅರವತ್ತು ಪುಟ ಬರೆದಿದ್ದೆ. ಆದರೆ ಅಡುಗೆಮನೆಯಲ್ಲಿ ಆಯಿಗೆ ತಪ್ಪು ಅನ್ನುವುದು ಬೇರೆ, ಕೋಟು ಹಾಕಿಕೊಂಡ ಪ್ರೊಫೆಸರಿಗೆ ಮುಖದ ಮೇಲೆ ತಪ್ಪು ಅನ್ನುವುದು ಬೇರೆ. ನಮ್ಮ ಹೆಡ್ ಮಾಸ್ತರರು ವರ್ಷಕ್ಕೊಮ್ಮೆ ಸನ್ನಡತೆಯ ಬಹುಮಾನ ಕೊಡುತ್ತಿದ್ದರು, ಅದು ನಾಲ್ಕು ವರ್ಷ ನನಗೇ ಬಂದಿತ್ತು. ವಯಸ್ಸಾದವರು, ಏನೋ ಮರೆತಿದ್ದಾರೆ, ಇಬ್ಬರ ಮುಂದೆ ಅವರ ಮಾನ ಕಳೆಯುವುದು ಬೇಡ ಅನ್ನಿಸಿತು.

“ಹೌದ್ರಿ ಸರ್,” ಅಂದೆ.

ಬಾಲ್ತಾರ್ ಎಡಗಡೆಯವರ ಮುಖ ನೋಡಿದರು. “ಪಾಚಿಗೆ ಬೇರು ಇರ್ತಾವು, ಬೇರಿನಿಂದ ಆಹಾರ ಹೀರ್ಕೋತಾವು.”

“ಹೌದ್ರಿ ಸರ್.”

ಎಡಗಡೆಯವರು, ಬಲಗಡೆಯವರು, ಒಬ್ಬರಾದ ಮೇಲೊಬ್ಬರು ಹೇಳುತ್ತಲೇ ಹೋದರು, ನಾನು ಪ್ರತಿಯೊಂದಕ್ಕೂ ಭಕ್ತಿಯಿಂದ ತಲೆಯಾಡಿಸಿದೆ. ಕೊನೆಗೆ ಬಾಲ್ತಾರ್ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನನ್ನನ್ನು ಉಳಿಸಲೆಂದೇ ಮೇಜಿನ ಮೇಲೆ ಬಗ್ಗಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದರು: “ಸಮುದ್ರದ, ನೀರು, ಸಿಹಿ.”

ನಾನು ಬಹಳ ಯೋಚಿಸಿದೆ. “ಒಂದ್ ರೀತಿಯಿಂದ ನೋಡಿದ್ರ ಹೌದ್ರಿ ಸರ್,” ಅಂದೆ.

ಸೋಮವಾರದ ದೋಣಿಗೆ ನನ್ನ ಹೆಸರು ಬರೆದರು. ನಾನು ಮನೆಗೆ ಬಂದು, ಆಯಿಯ ಸಮಾಧಿ ಕಲ್ಲಿನ ಮೇಲೆ ಕೂತು, ಎದೆ ಒಡೆಯುವ ಹಾಗೆ ಅತ್ತೆ. ಅಪ್ಪನ ಮುಖ, ಯುವಕ ಸಂಘ, ಪಾರ್ವತೆವ್ವ ಎಲ್ಲ ಕಣ್ಣ ಮುಂದೆ ಬಂದರು. ಪಾರ್ವತೆವ್ವ ಕೇಳಬಹುದಾದ ಪ್ರಶ್ನೆಗಳು ಸಹ ಒಂದೊಂದಾಗಿ ಬಂದವು. ಆಯಿ ಎಲ್ಲ ಕೇಳಿಸಿಕೊಂಡು, ಗಂಡನದಾಗಿದ್ದ ಅದೇ ಹಳೇ ಕೋಟು ತೊಟ್ಟು, ನನ್ನ ರಟ್ಟೆ ಹಿಡಿದು ನೇರ ಕಾಲೇಜಿಗೆ ಎಳೆದುಕೊಂಡು ಹೋದರು.

“ಬಾಲ್ತಾರಾ, ಈ ಹುಡುಗಿ ಶುದ್ಧ ದಡ್ಡಿ,” ಅಂದರು ಬಾಗಿಲಲ್ಲೇ ನಿಂತು.

“ತಪ್ಪು,” ಅಂದರು ಪ್ರೊಫೆಸರು ಕಾಗದದಿಂದ ತಲೆಯೆತ್ತದೆ. “ಆಕಿ ಬರದ ಪ್ರಬಂಧ ಭಾಳ ಚೊಲೋ ಐತಿ.”

“ಗೊತ್ತಿಲ್ಲದಕ್ಕ ಹೌದು ಹೌದು ಅಂದ್ಲು.”

“ತಪ್ಪು. ಗೊತ್ತಿದ್ದೂ ಹೌದು ಅಂದ್ಲು. ಮಾರಿ ನೋಡಿದ್ರ ತಿಳೀತಿತ್ತು.”

“ಪರೀಕ್ಷಾದಾಗ ಹೆಂಗ ನಡಕೋಬೇಕಂತ ಆಕಿಗೆ ನೀವು ಮೊದಲ ಹೇಳಿದ್ರಿ. ನಿಮ್ದೇನೂ ತಪ್ಪಿಲ್ಲ.”

ಪ್ರೊಫೆಸರಿಗೆ ಆಗ ಬಲೆ ಕಂಡಿತು. ಬಾಯಿಗೆ ಕೈ ಅಡ್ಡ ಹಿಡಿದರು. ಹಣೆಯಲ್ಲಿ ಬೆವರು ಮೂಡಿತು, ಕುತ್ತಿಗೆಯ ನರ ಉಬ್ಬಿತು. ಆಯಿ ಆರಾಮಾಗಿ ಗೋಡೆಗೆ ಒರಗಿ ನಿಂತರು. “ತಪ್ಪು,” ಎಂದು ಕೊನೆಗೆ ಬೆರಳ ಸಂದಿಯಿಂದ ಬಂತು. “ನಾವು ಹೇಳಿರಲಿಲ್ಲ. ನಮ್ದೂ ತಪ್ಪೈತಿ.”

“ಅಂದ ಮಾತ್ರಕ್ಕ ಇನ್ನೊಂದು ಅವಕಾಶ ಕೊಡಾಕ ಬರಾಂಗಿಲ್ಲ.”

“ತಪ್ಪು,” ಅಂದರು ಬಾಲ್ತಾರ್, ಸೋತು. “ಬರತೈತಿ. ಒಂದು ತಿಂಗಳು.”

ಆ ತಿಂಗಳು ಆಯಿ ನನ್ನನ್ನು ಹಾಳು ಮಾಡಿದರು, ಅಂದರೆ ನಾಲ್ಕು ವರ್ಷದ ಸನ್ನಡತೆಯನ್ನು ತೊಳೆದು ಹಾಕಿದರು. ದಿನಾ ಬೆಳಿಗ್ಗೆ ಕೋಟಿನ ಗುಂಡಿ ಹಾಕಿಕೊಂಡು, ಕುರ್ಚಿಯ ಮೇಲೆ ಪ್ರೊಫೆಸರಂತೆ ಕೂತು, ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು “ನಾ ಇಪ್ಪತ್ತೈದು ವರ್ಷದ ಹುಡುಗಿ” ಅನ್ನುತ್ತಿದ್ದರು. “ಹೌ...” ಎಂದು ಬಾಯಿ ತೆರೆದರೆ ಕಟ್ಟಿಗೆಯ ಸೌಟಿನಿಂದ ಮಂಡಿಗೆ ಒಂದು ಏಟು. ಮೊದಲ ವಾರ ನನ್ನ ಬಾಯಿಂದ “ಅದು ಹಂಗಲ್ಲ ಅನ್ನಸ್ತೈತ್ರಿ” ಮಾತ್ರ ಹೊರಡುತ್ತಿತ್ತು. ಎರಡನೇ ವಾರಕ್ಕೆ ಕಣ್ಣು ಮುಚ್ಚಿಕೊಂಡು ‘ತಪ್ಪು’ ಅನ್ನಲು ಬಂತು. ಮೂರನೇ ವಾರಕ್ಕೆ ಕಣ್ಣು ತೆರೆದೇ ಅಂದೆ, ಅದರಲ್ಲಿ ಎಂಥ ಸುಖ ಇದೆಯೆಂದು ತಿಳಿಯಿತು. ನಮ್ಮ ದೇಶದಲ್ಲಿ ಇದನ್ನು ಯಾಕೆ ಕಲಿಸುವುದಿಲ್ಲವೆಂಬುದೂ ತಿಳಿಯಿತು.

ಆ ದಿನಗಳಲ್ಲೇ ಊರಲ್ಲಿ ಒಂದು ಮದುವೆಯಾಯಿತು. ಮದುಮಗ ಮಂಟಪದಲ್ಲಿ ಎಲ್ಲರೆದುರು ಹುಡುಗಿಗೆ “ನನ್ನ ಮದುವಿ ಆಗ್ತೀಯೇನು?” ಎಂದು ಕೇಳಿ ದೊಡ್ಡಸ್ತಿಕೆ ತೋರಿಸಿಕೊಂಡ. ಸಾಲಂಕೃತಳಾಗಿ ಪಕ್ಕದಲ್ಲೇ ಕೂತವಳನ್ನು ಕೇಳಬೇಕಾದ್ದೇನೂ ಇರಲಿಲ್ಲ. ನಮ್ಮ ಹೊಸ್ತಿಲ ಕೆಳಗೆ ಮೂರು ಮೆಟ್ಟಿಲು ಉಳಿದವು.

“ನಿಮ್ಮಪ್ಪನ ಊಟದಂಗ,” ಎಂದು ಬೈಯುತ್ತ ಆಯಿ ಆ ಸಂಜೆ ಕುರ್ಚಿಯಲ್ಲಿ ಕೂತು ಪಾಠ ಶುರು ಮಾಡಿದರು. ಪಾಚಿ, ಉಪ್ಪು, ಗಾಳಿ ಎಲ್ಲ ಆಯಿತು. ನಾನು ಒಂದೊಂದಕ್ಕೂ ತಪ್ಪು, ತಪ್ಪು ಎಂದು ಹೊಡೆದುಹಾಕುತ್ತಿದ್ದೆ. ಆಗ ಅದೇ ದನಿಯಲ್ಲಿ ಹೇಳಿದರು: “ನನ್ನ ಗಂಡ ಆಚಿ ದಂಡಿಗೆ ಹೋಗಿ ಹನ್ನೊಂದು ವರ್ಷದ ಮ್ಯಾಲೆ ತಿರುಗಿ ಬಂದ. ಎಲ್ಲಿದ್ದಿ, ಯಾರ ಕೂಡ ಇದ್ದಿ ಅಂತ ಕೇಳಬೇಕು ಅಂತ ನನಗ ಒಂದ್ ದಿನಾನೂ ಅನಿಸ್ಲಿಲ್ಲ.”

“ತಪ್ಪು,” ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಆಯಿ ಸೌಟನ್ನು ಎತ್ತಲಿಲ್ಲ. ಕೋಟಿನ ತೋಳು ಮಡಿಸಿಕೊಂಡರು. “ಹೌದು, ತಪ್ಪು,” ಅಂದರು. “ದಿನಾ ಅನಿಸ್ತಿತ್ತು. ಅಂವ ಅಷ್ಟು ಬೆಲಿ ಬಾಳತಿರಲಿಲ್ಲ ಅಂತ ಕೇಳ್ಲಿಲ್ಲ. ಇರೋದು ಒಂದ ಪ್ರಶ್ನಿ, ತಂಗಿ, ಕೂಡಿಟ್ಟೀನಿ. ಆ ಕಲ್ಲಿನ ಮ್ಯಾಲ ಬರದದ್ದು ಸುಳ್ಳಾಗಬಾರದು.” ಆಮೇಲೆ ಎದ್ದು ಸಾರು ಕಾಯಿಸಲು ಹೋದರು.

ಎರಡನೇ ಪರೀಕ್ಷೆಯಲ್ಲಿ ನಾನು ಮೂವರ ಮಾನವನ್ನೂ ಕ್ರಮವಾಗಿ ಕಳೆದೆ. ಬಾಲ್ತಾರ್ ಹೇಳಿದ ಹನ್ನೆರಡು ಮಾತನ್ನೂ ತಪ್ಪು ಅಂದೆ, ಎಡಗಡೆಯವರಿಗೆ ಎರಡು ತಪ್ಪು ಹೆಚ್ಚಿಗೇ ಹಿಡಿದು ಕೊಟ್ಟೆ. ಕೊನೆಗೆ ಅವರು ಮೇಜು ಗುದ್ದಿ “ಈ ಹುಡುಗಿ ಪಾಸಾಗಿಲ್ಲ!” ಅಂದರು. “ತಪ್ಪು!” ಎಂದು ಕಿರುಚಿದೆ. ಮೂವರೂ ಎದ್ದು ನನ್ನ ಕೈ ಕುಲುಕಿದರು. ಪದವಿಯ ಕಾಗದದ ಜೊತೆ ಸೋಮವಾರದ ದೋಣಿಯ ಚೀಟಿಯನ್ನೂ ಕೊಟ್ಟರು. ಫೇಲಾದರೂ ಅದೇ ದೋಣಿ, ಪಾಸಾದರೂ ಅದೇ ದೋಣಿ ಎಂಬುದು ಅಲ್ಲಿಯವರೆಗೆ ನನ್ನ ತಲೆಗೆ ಹೋಗಿರಲಿಲ್ಲ. ಒಂದು ತಿಂಗಳು ಸೌಟು ಹಿಡಿದು ನನ್ನನ್ನು ಪಾಸು ಮಾಡಿದ ಆಯಿಗೆ ಅದು ಮೊದಲೇ ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ಆಯಿ ನನ್ನ ಮುಂದೆ ಗೆಣಸಿನ ರಾಶಿ ಸುರಿದರು, ಸಾರು ಎರಡು ಸಲ ಬಡಿಸಿದರು. ನಾನು ಒಂದು ಕೈಯಲ್ಲಿ ತಿನ್ನುತ್ತ, ಇನ್ನೊಂದು ಕೈಯಲ್ಲಿ ಪೆಟ್ಟಿಗೆಗೆ ಪಾಚಿಯ ಮಾದರಿ ತುರುಕುತ್ತ, ಊರಿಗೆ ಹೋಗಿ ಯಾರ್ಯಾರಿಗೆ ಏನೇನು ಹೇಳಬೇಕೆಂದು ಲೆಕ್ಕ ಹಾಕುತ್ತಿದ್ದೆ. ಆಯಿ ಒಲೆಯ ಹತ್ತಿರ ನಿಂತೇ ಇದ್ದರು. ದೋಣಿಯವರು ಕೂಗಿದರು. ಆಯಿಯ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೊರಟೆ. ಅತ್ತರೆ ಸೌಟಿನ ಏಟು ಬೀಳುತ್ತದೆಂದು ಅಳಲಿಲ್ಲ.

ಮೂರು ಮೆಟ್ಟಿಲು ಇಳಿದು ದೋಣಿಯಲ್ಲಿ ಕೂತೆ. ಆಯಿ ಹೊಸ್ತಿಲಲ್ಲಿ ಮೊದಲ ದಿನದಂತೆಯೇ ಕೋಟು ತೊಟ್ಟು ನಿಂತಿದ್ದರು. ಆ ಊರಿನ ರೂಢಿಯಂತೆ ಅವರು “ನೀ ಇನ್ನ ಬರಾಂಗಿಲ್ಲ” ಅನ್ನಬೇಕು, ನಾನು “ತಪ್ಪು” ಅನ್ನಬೇಕು. ಹೋಗುವವರೆಲ್ಲ ಹಾಗೇ ಅನ್ನುತ್ತಾರೆ, ಬರುವವರು ಯಾರೂ ಇಲ್ಲ. ನಾನು ‘ತಪ್ಪು’ ಅನ್ನಲು ತಯಾರಾಗಿ ಬಾಯಿ ತೆರೆದು ಕೂತಿದ್ದೆ. ಹಗ್ಗ ಬಿಚ್ಚಿದರು. ಆಯಿ ಒಂದು ಮೆಟ್ಟಿಲು ಕೆಳಗಿಳಿದರು.

“ಊಟ ಆತೇನವಾ?” ಎಂದು ಕೇಳಿದರು.

ದೋಣಿಯವರ ಕೈಯಿಂದ ಹಗ್ಗ ಜಾರಿತು. ಒಬ್ಬೊಬ್ಬರಾಗಿ ಟೋಪಿ ತೆಗೆದರು. ನೀರು ಸದ್ದಿಲ್ಲದೆ ಮೇಲೆ ಬಂದು ಒಂದು ಮೆಟ್ಟಿಲನ್ನು ಮುಚ್ಚಿ, ಉಳಿದೆರಡರ ಬುಡಕ್ಕೆ ನಿಂತಿತು. ಎಪ್ಪತ್ತು ವರ್ಷ ಗಂಡನ ಮೇಲೂ ಖರ್ಚು ಮಾಡದೆ ಇಟ್ಟುಕೊಂಡಿದ್ದನ್ನು, ತಾವೇ ಅರ್ಧ ತಾಸಿನ ಹಿಂದೆ ಬಡಿಸಿದ ಊಟದ ಮೇಲೆ ಖರ್ಚು ಮಾಡಿ, ಆಯಿ ಉತ್ತರಕ್ಕಾಗಿ ನನ್ನನ್ನೇ ನೋಡುತ್ತಿದ್ದರು. ಹಿತ್ತಿಲಿನ ಕಲ್ಲು ಇನ್ನು ಅರಿವೆ ಒಗೆಯುವುದಕ್ಕಷ್ಟೇ.

“ಆತ್ರಿ ಆಯಿ,” ಅಂದೆ. ಇನ್ನೊಮ್ಮೆ ಜೋರಾಗಿ ಅಂದೆ. “ಹೊಟ್ಟಿ ತುಂಬ ಆತು.”

ಅದರ ಹಿಂದೆಯೇ ನಮ್ಮ ಓಣಿಯಲ್ಲಿ ಯಾರೇ ಆದರೂ ಕೇಳುವ ಮಾತು ನನ್ನ ತುಟಿಯ ತನಕ ಬಂತು. ಕೇಳಿದ್ದರೆ ಅವರ ಹೊಸ್ತಿಲಿಗೆ ಇನ್ನೊಂದೇ ಮೆಟ್ಟಿಲು ಉಳಿಯುತ್ತಿತ್ತು. ಹಲ್ಲು ಕಚ್ಚಿ ಅದನ್ನು ನುಂಗಿಕೊಂಡೆ. ದೋಣಿ ಆಗಲೇ ಸರಿಯತೊಡಗಿತ್ತು. ಅವರು ಕಲಿಸಿದಂತೆಯೇ ಹೇಳಿದೆ:

“ನಿಮ್ದೂ ಆಗೈತಿ ಆಯಿ.”

“ತಪ್ಪು,” ಅಂದರು ಆಯಿ.